ಆಟೋಕ್ರಾಸ್ ಫಲಿತಾಂಶಗಳನ್ನು ಹೋಲಿಸಿ ನೋಡುವ ಕ್ರಮ

ವಾರಾಂತ್ಯದಲ್ಲಿ ಖಾಲಿ ಬಿದ್ದಿರುವ ವಿಶಾಲವಾದ ಪಾರ್ಕಿಂಗ್ ಜಾಗದಲ್ಲೋ ಹಳೆಯ ವಿಮಾನ ನಿಲ್ದಾಣದ ಕಾಂಕ್ರೀಟ್ ನೆಲದ ಮೇಲೋ ಕಿತ್ತಳೆ ಬಣ್ಣದ ಕೋನ್‌ಗಳನ್ನಿಟ್ಟು ದಾರಿ ಗುರುತಿಸಿ, ಕಾರುಗಳನ್ನು ನಡುವೆ ಅಂತರ ಬಿಟ್ಟು ಒಂದೊಂದಾಗಿ ಓಡಿಸಿ ಸಮಯ ಅಳೆಯುವ ಸ್ಪರ್ಧೆಯೇ ಆಟೋಕ್ರಾಸ್. ಅಮೆರಿಕದಲ್ಲಿ ಇದನ್ನು ಬೆಳೆಸಿದ ಸಂಸ್ಥೆಗಳಲ್ಲಿ ಮುಖ್ಯವಾದದ್ದು 1944ರಲ್ಲಿ ಸ್ಥಾಪನೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, ಅಂದರೆ ಎಸ್‌ಸಿಸಿಎ. ಅದು ಈ ಸ್ಪರ್ಧೆಯನ್ನು ಸೋಲೋ ಎಂದು ಕರೆಯುತ್ತದೆ. ಅದರ ಪ್ರಾದೇಶಿಕ ಘಟಕಗಳಲ್ಲಿ ಭಾಗವಹಿಸುವವರಲ್ಲಿ ಹೆಚ್ಚಿನವರು ಹವ್ಯಾಸಿಗಳು; ವಾರವಿಡೀ ಕೆಲಸಕ್ಕೆ ಓಡಿಸಿದ ಕಾರನ್ನೇ ಭಾನುವಾರ ಕೋನ್‌ಗಳ ನಡುವೆ ಓಡಿಸುವವರು. ಅಲ್ಲಿ ನೆಲೆಸಿ ಇಂಥ ಕ್ಲಬ್ ಸೇರಿರುವ ಕನ್ನಡಿಗರೂ ಇದ್ದಾರೆ. ಮೊದಲ ಒಂದೆರಡು ಸ್ಪರ್ಧೆಗಳ ನಂತರ ಅವರೆಲ್ಲರಿಗೂ ಎದುರಾಗುವ ಪ್ರಶ್ನೆ ಒಂದೇ: ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದಿರುವ ಸಂಖ್ಯೆಯನ್ನು ಯಾರ ಸಂಖ್ಯೆಯೊಂದಿಗೆ, ಹೇಗೆ ಹೋಲಿಸಬೇಕು? ಪಟ್ಟಿಯಲ್ಲಿ ನೀವು ಎಷ್ಟನೆಯವರು ಎಂಬುದಷ್ಟನ್ನೇ ನೋಡಿದರೆ ನಿಮ್ಮ ಚಾಲನೆಯ ಬಗ್ಗೆ ಬಹುತೇಕ ಏನೂ ತಿಳಿಯುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹತ್ತಿರದ ಹೋಲಿಕೆಯಿಂದ ಆರಂಭಿಸಿ ದೂರದ ಹೋಲಿಕೆಗೆ ಹೋಗುವ ಕ್ರಮವನ್ನು ಪಾಲಿಸಿದರೆ ಅದೇ ಪಟ್ಟಿಯಿಂದ ಬಹಳಷ್ಟನ್ನು ಕಲಿಯಬಹುದು.

ಮೊದಲು ಪಟ್ಟಿಯನ್ನು ಓದುವುದು ಗೊತ್ತಿರಬೇಕು. ಪ್ರತಿಯೊಬ್ಬ ಚಾಲಕನ ಎಲ್ಲ ರನ್‌ಗಳ, ಅಂದರೆ ಓಟಗಳ, ಸಮಯವನ್ನೂ ಸೆಕೆಂಡಿನ ಸಾವಿರದ ಒಂದು ಭಾಗದವರೆಗೆ ದಾಖಲಿಸಿರುತ್ತಾರೆ. ಸಮಯದ ಪಕ್ಕದಲ್ಲಿ +1 ಎಂದಿದ್ದರೆ ಆ ರನ್‌ನಲ್ಲಿ ಒಂದು ಕೋನ್ ಬಿದ್ದಿದೆ ಎಂದು ಅರ್ಥ. ಎಸ್‌ಸಿಸಿಎ ನಿಯಮದಂತೆ ಪ್ರತಿ ಕೋನ್‌ಗೆ 2 ಸೆಕೆಂಡ್ ದಂಡ ಸೇರುತ್ತದೆ. ಕೋನ್‌ನ ಬುಡದ ಸುತ್ತ ನೆಲದ ಮೇಲೆ ಒಂದು ಚೌಕ ಗೆರೆ ಎಳೆದಿರುತ್ತಾರೆ. ಕಾರು ತಾಗಿ ಕೋನ್ ಜರುಗಿದರೂ ಅದು ನೆಟ್ಟಗೆ ನಿಂತಿದ್ದು, ಅದರ ಬುಡದ ಒಂದು ಅಂಚಾದರೂ ಆ ಗೆರೆಯನ್ನು ಮುಟ್ಟುತ್ತಿದ್ದರೆ ದಂಡವಿಲ್ಲ; ಉರುಳಿ ಬಿದ್ದರೆ ಚೌಕದೊಳಗೇ ಬಿದ್ದಿದ್ದರೂ ದಂಡ ತಪ್ಪಿದ್ದಲ್ಲ. ದಾರಿ ತೋರಿಸಲೆಂದು ಪಕ್ಕದಲ್ಲಿ ಮಲಗಿಸಿಟ್ಟ ಕೋನ್‌ಗಳು ಲೆಕ್ಕಕ್ಕೆ ಬರುವುದಿಲ್ಲ. ಒಂದು ಗೇಟನ್ನು, ಅಂದರೆ ಕಾರು ನಡುವೆ ಹಾದುಹೋಗಬೇಕಾದ ಕೋನ್‌ಗಳ ಜೋಡಿಯನ್ನು, ಬಿಟ್ಟು ಹೋದರೆ ಆ ರನ್‌ನ ಮುಂದೆ ಡಿಎನ್‌ಎಫ್ (ಪೂರ್ಣಗೊಳಿಸಿಲ್ಲ) ಎಂದು ಬರೆಯುತ್ತಾರೆ, ಆ ಒಂದು ರನ್ ಮಾತ್ರ ಹೋಗುತ್ತದೆ. ಮುಂದೆ ಹೋದವರು ಬೀಳಿಸಿದ ಕೋನ್ ದಾರಿಯಲ್ಲೇ ಬಿದ್ದಿದ್ದರೆ ಕಾರು ನಿಲ್ಲಿಸಿ ಅದನ್ನು ತೋರಿಸಿದವರಿಗೆ ಮರು ರನ್ ಸಿಗುತ್ತದೆ. ದಂಡವೂ ಸೇರಿದ ಮೇಲೆ ಅತಿ ಕಡಿಮೆ ಇರುವ ಸಮಯವೇ ಆ ದಿನದ ಅಧಿಕೃತ ಸಮಯ.

ಇಬ್ಬರು ಚಾಲಕರ ಉದಾಹರಣೆ ತೆಗೆದುಕೊಳ್ಳೋಣ. ಈ ಬರಹದಲ್ಲಿ ಬರುವ ಸಮಯಗಳೆಲ್ಲ ಲೆಕ್ಕ ತಿಳಿಸಲು ನಾನೇ ಇಟ್ಟುಕೊಂಡವು. ಮೊದಲನೆಯವರ ನಾಲ್ಕು ರನ್‌ಗಳು 48.912, 47.630+1, 47.955, 47.402+2. ಎರಡನೆಯವರದು 49.820, 48.735, 48.214, 48.066, ಎಲ್ಲವೂ ಕ್ಲೀನ್, ಅಂದರೆ ಒಂದೂ ಕೋನ್ ಬೀಳಿಸದವು. ಅಧಿಕೃತವಾಗಿ ಮೊದಲನೆಯವರು 47.955ರೊಂದಿಗೆ ಕೇವಲ 0.111 ಸೆಕೆಂಡ್ ಮುಂದಿದ್ದಾರೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಈ ಅಂತರ ಎರಡು ಮೀಟರ್‌ಗೂ ಕಡಿಮೆ, ಅಂದರೆ ಮಿಯಾಟಾ ಎಂಬ ಸಣ್ಣ ಕಾರಿನ ಅರ್ಧ ಉದ್ದವೂ ಇಲ್ಲ. ದಂಡ ಬಿಟ್ಟು ಬರೀ ಗಡಿಯಾರವನ್ನು ನೋಡಿದರೆ ಅವರ ಮುನ್ನಡೆ 0.664ಕ್ಕೆ ಏರುತ್ತದೆ. ಹಾಗಾದರೆ ಮೊದಲನೆಯವರ ನಿಜವಾದ ವೇಗ 47.402 ಎನ್ನಬಹುದೇ? ಹಾಗೆ ತೀರ್ಮಾನಿಸುವುದು ಅವಸರವಾಗುತ್ತದೆ. ಕೋನ್ ಇದ್ದ ಜಾಗದಲ್ಲೇ ನುಗ್ಗಿ ಹೋದ ಕಾರು ಕ್ಲೀನ್ ಆಗಿ ಹೋಗುವ ಕಾರಿಗಿಂತ ಹತ್ತಿರದ ದಾರಿಯಲ್ಲಿ ಹೋಗಿರುತ್ತದೆ. ಸ್ಲಾಲಮ್‌ನಲ್ಲಿ, ಅಂದರೆ ಸಾಲಾಗಿಟ್ಟ ಕೋನ್‌ಗಳ ನಡುವೆ ಎಡಕ್ಕೂ ಬಲಕ್ಕೂ ತಿರುಗುತ್ತ ಸಾಗುವ ಕಡೆ, ಬೀಳಿಸಿದ ಕೋನ್ ಸ್ವಲ್ಪ ಸಮಯವನ್ನು ಉಳಿಸಿಕೊಟ್ಟಿರಬಹುದು. ಕೊನೆಯ ಗೇಟಿನಲ್ಲಿ ಬ್ರೇಕ್ ತಡವಾಗಿ ಬೀಳಿಸಿದ ಕೋನ್ ಸಮಯಕ್ಕೆ ಏನನ್ನೂ ಕೊಟ್ಟಿರಲಿಕ್ಕಿಲ್ಲ. ಹೀಗಾಗಿ ಕೋನ್ ಎಲ್ಲಿ ಬಿತ್ತು ಎಂಬುದು ಗೊತ್ತಿಲ್ಲದೆ ದಂಡವಿರುವ ರನ್‌ನ ಬರಿ ಸಮಯವನ್ನು ಹೋಲಿಕೆಗೆ ಬಳಸಬಾರದು. ಕಾರುಗಳು ಸರದಿಗೆ ಕಾಯುವ ಗ್ರಿಡ್‌ಗೆ ಮರಳಿದ ಕೂಡಲೇ ಯಾವ ಕೋನ್, ಕಾರಿನ ಯಾವ ಬದಿ ತಾಗಿತು ಎಂದು ಎರಡು ಪದ ಬರೆದಿಟ್ಟುಕೊಂಡರೆ ಸಂಜೆ ಪಟ್ಟಿ ನೋಡುವಾಗ ಉಪಯೋಗಕ್ಕೆ ಬರುತ್ತದೆ.

ಬೇರೆಯವರ ಸಾಲಿಗೆ ಕಣ್ಣು ಹಾಯಿಸುವ ಮುನ್ನ ನಿಮ್ಮದೇ ರನ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಮೇಲಿನ ಎರಡನೆಯ ಚಾಲಕರು ಮೊದಲ ರನ್‌ನಿಂದ ಕೊನೆಯ ರನ್‌ಗೆ 1.754 ಸೆಕೆಂಡ್ ಇಳಿಸಿದ್ದಾರೆ. ಇಳಿಕೆ ಪ್ರತಿ ಸಲವೂ ಕಡಿಮೆಯಾಗುತ್ತ ಬಂದಿದೆ: 1.085, ನಂತರ 0.521, ನಂತರ 0.148. ದಾರಿಯನ್ನು ಕಲಿಯುವುದು ಮುಗಿದಿದೆ, ಈ ಕಾರಿನಲ್ಲಿ ಈ ರೀತಿ ಓಡಿಸಿದರೆ ಇನ್ನು ಹೆಚ್ಚೇನೂ ಸಿಗದು ಎಂಬುದನ್ನು ಈ ಸಾಲು ತಿಳಿಸುತ್ತದೆ. ಅವರು ಮುಂದಿನ ಸಲ ಗಮನ ಕೊಡಬೇಕಾದದ್ದು ಕೋರ್ಸ್ ನಡೆದು ನೋಡುವ ಹೊತ್ತಿಗೆ. ಬೆಳಿಗ್ಗೆ ನಡೆದೇ ಹೆಚ್ಚು ಕಲಿತಿದ್ದರೆ ಮೊದಲ ರನ್ ವ್ಯರ್ಥವಾಗುತ್ತಿರಲಿಲ್ಲ. ಮೊದಲ ಚಾಲಕರ ತೊಂದರೆ ಬೇರೆ: ವೇಗ ಬೇಗನೆ ಸಿಕ್ಕಿದೆ, ಆದರೆ ನಾಲ್ಕರಲ್ಲಿ ಎರಡು ರನ್ ದಂಡಕ್ಕೆ ಹೋಗಿವೆ. ಅಂತರ 0.111 ಮಾತ್ರ ಆಗಿದ್ದರೂ ಈ ಇಬ್ಬರಿಗೆ ಒಂದೇ ಸಲಹೆ ಕೊಟ್ಟರೆ ಯಾರಿಗೂ ಉಪಯೋಗವಾಗದು.

ಆಮೇಲೆ ನೋಡಬೇಕಾದದ್ದು ನಿಮ್ಮ ಕ್ಲಾಸ್. ಎಸ್‌ಸಿಸಿಎ ಕಾರುಗಳನ್ನು ಅವುಗಳ ಸಾಮರ್ಥ್ಯ ಮತ್ತು ಮಾಡಿಕೊಂಡ ಬದಲಾವಣೆಗಳಿಗೆ ತಕ್ಕಂತೆ ಸ್ಟ್ರೀಟ್, ಸ್ಟ್ರೀಟ್ ಟೂರಿಂಗ್, ಮಾಡಿಫೈಡ್ ಮೊದಲಾದ ವಿಭಾಗಗಳಾಗಿಯೂ ಪ್ರತಿ ವಿಭಾಗವನ್ನು ಹಲವು ಕ್ಲಾಸ್‌ಗಳಾಗಿಯೂ ವಿಂಗಡಿಸುತ್ತದೆ. ಸ್ಟ್ರೀಟ್ ವಿಭಾಗದಲ್ಲಿ ಅನುಮತಿ ಇರುವುದು ಕೆಲವೇ ಬದಲಾವಣೆಗಳಿಗೆ. ಶಾಕ್ ಅಬ್ಸಾರ್ಬರ್ ಬದಲಿಸಬಹುದು, ಟೈರ್‌ನ ಟ್ರೆಡ್‌ವೇರ್ ಸಂಖ್ಯೆ, ಅಂದರೆ ಅದು ಎಷ್ಟು ನಿಧಾನವಾಗಿ ಸವೆಯುತ್ತದೆ ಎಂಬುದರ ಅಳತೆ, ಕನಿಷ್ಠ 200 ಇರಬೇಕು. ಒಂದೇ ಕ್ಲಾಸ್‌ನಲ್ಲಿ ಒಂದೇ ಮಾದರಿಯ ಕಾರು ಓಡಿಸುವ ಇನ್ನೊಬ್ಬರು ಕ್ಲಬ್‌ನಲ್ಲಿದ್ದರೆ ನಿಮ್ಮ ಅದೃಷ್ಟ, ಬೇರೆ ಯಾವ ಲೆಕ್ಕವೂ ಇಲ್ಲದೆ ಇಬ್ಬರ ಸಮಯವನ್ನೂ ನೇರವಾಗಿ ಹೋಲಿಸಬಹುದು. ಆದರೂ ಅವರ ಟೈರ್ ಯಾವುದು ಎಂದು ಕೇಳಿ ತಿಳಿದುಕೊಳ್ಳಬೇಕು. ಕಾರಿನೊಂದಿಗೆ ಬಂದ ಟೈರಿನಲ್ಲಿ ಓಡಿದವರು ಸ್ಪರ್ಧೆಗೆಂದೇ ಆಯ್ದ 200 ಟ್ರೆಡ್‌ವೇರ್ ಟೈರಿನವರೊಂದಿಗೆ ತಮ್ಮನ್ನು ಹೋಲಿಸಿಕೊಂಡು ತಮ್ಮ ಕೈಯನ್ನು ಹಳಿದುಕೊಳ್ಳುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಒಣ ನೆಲದಲ್ಲಿ ಟೈರ್ ತರುವ ವ್ಯತ್ಯಾಸ ಹೊಸ ಚಾಲಕರು ಊಹಿಸುವುದಕ್ಕಿಂತ ಎಷ್ಟೋ ದೊಡ್ಡದು.

ಸಣ್ಣ ಕ್ಲಬ್‌ಗಳಲ್ಲಿ ಕ್ಲಾಸಿನಲ್ಲಿ ಇಬ್ಬರೋ ಮೂವರೋ ಇರುತ್ತಾರೆ, ಕೆಲವೊಮ್ಮೆ ನೀವೊಬ್ಬರೇ. ಆಗ ಬೇರೆ ಕ್ಲಾಸಿನವರೊಂದಿಗೆ ಹೋಲಿಸಲು ಬೇಕಾಗುವುದು ಪ್ಯಾಕ್ಸ್ ಎಂದು ಎಲ್ಲರೂ ಕರೆಯುವ ಸೂಚ್ಯಂಕ. ರಿಕ್ ರೂತ್ ಎಂಬವರು ದೇಶದ ನಾನಾ ಕಡೆಯ ದೊಡ್ಡ ಸ್ಪರ್ಧೆಗಳ ಫಲಿತಾಂಶಗಳನ್ನು ಪರಿಶೀಲಿಸಿ ಪ್ರತಿ ಕ್ಲಾಸಿಗೂ ಒಂದು ಗುಣಕವನ್ನು ನಿಗದಿ ಮಾಡುತ್ತ ಬಂದಿದ್ದಾರೆ. ಅತಿ ವೇಗದ ಎ ಮಾಡಿಫೈಡ್ ಕ್ಲಾಸಿನ ಗುಣಕ 1.000, ಉಳಿದವು ಅದಕ್ಕಿಂತ ಕಡಿಮೆ, ಸ್ಟ್ರೀಟ್ ಕ್ಲಾಸ್‌ಗಳವು 0.8ರ ಆಸುಪಾಸಿನಲ್ಲಿವೆ. ನಿಮ್ಮ ಅಧಿಕೃತ ಸಮಯವನ್ನು, ಅಂದರೆ ದಂಡ ಸೇರಿದ ಸಮಯವನ್ನು, ನಿಮ್ಮ ಕ್ಲಾಸಿನ ಗುಣಕದಿಂದ ಗುಣಿಸಿದರೆ ಸೂಚ್ಯಂಕದ ಸಮಯ ಸಿಗುತ್ತದೆ. ಲೆಕ್ಕ ಸುಲಭವಾಗಲೆಂದು ಒಂದು ಮಿಯಾಟಾದ ಗುಣಕ 0.800, ಕಾರ್ವೆಟ್ ಎಂಬ ಶಕ್ತಿಶಾಲಿ ಕಾರಿನ ಗುಣಕ 0.830 ಎಂದಿಟ್ಟುಕೊಳ್ಳೋಣ. ಮಿಯಾಟಾ 47.955ರಲ್ಲಿ ಬಂದರೆ ಅದರ ಸೂಚ್ಯಂಕದ ಸಮಯ 38.364. ಕಾರ್ವೆಟ್ 46.300ರಲ್ಲಿ ಬಂದರೆ 38.429. ಗಡಿಯಾರದಲ್ಲಿ ಒಂದೂವರೆ ಸೆಕೆಂಡಿಗೂ ಹೆಚ್ಚು ಹಿಂದಿದ್ದ ಮಿಯಾಟಾ ಸೂಚ್ಯಂಕದಲ್ಲಿ 0.065 ಮುಂದಿದೆ.

ಇಲ್ಲಿ ಬಹಳ ಮಂದಿ ಬಿಟ್ಟುಬಿಡುವ ಇನ್ನೊಂದು ಹೆಜ್ಜೆಯಿದೆ. ಈ 0.065 ಸೂಚ್ಯಂಕದ ಸೆಕೆಂಡ್, ನೆಲದ ಮೇಲಿನ ಸೆಕೆಂಡ್ ಅಲ್ಲ. ಕಾರ್ವೆಟ್‌ನವರು ಎಷ್ಟು ಬೇಗ ಬಂದಿದ್ದರೆ ಸರಿಸಮವಾಗುತ್ತಿತ್ತು ಎಂದು ತಿಳಿಯಲು ಮಿಯಾಟಾದ 38.364ನ್ನು 0.830ರಿಂದ ಭಾಗಿಸಬೇಕು. ಬರುವ ಉತ್ತರ 46.222, ಅಂದರೆ ಅವರು ತಮ್ಮ ಕಾರಿನಲ್ಲಿ 0.078 ಸೆಕೆಂಡ್ ಇಳಿಸಬೇಕಿತ್ತು. ಹೀಗೆ ಹಿಂದಕ್ಕೆ ಭಾಗಿಸಿ ನೋಡುವ ಅಭ್ಯಾಸವಾದರೆ ಕ್ಲಬ್‌ನ ಯಾವ ಚಾಲಕನ ಸಮಯವನ್ನಾದರೂ ನಿಮ್ಮ ಕಾರಿನ ಸಮಯಕ್ಕೆ ಬದಲಿಸಿಕೊಳ್ಳಬಹುದು. ಮುಂದಿನ ರನ್‌ಗೆ ಇಷ್ಟರೊಳಗೆ ಬರಬೇಕು ಎಂಬ ಗುರಿಯೂ ಅದರಿಂದಲೇ ಸಿಗುತ್ತದೆ.

ಆದರೆ ಸೂಚ್ಯಂಕವನ್ನು ತೀರ್ಪು ಎಂದು ಭಾವಿಸಬಾರದು. ಒಂದು ಕ್ಲಾಸಿಗೆ ಒಂದೇ ಗುಣಕ. ಕೋರ್ಸ್ ಇಕ್ಕಟ್ಟಾಗಿರಲಿ, ಉದ್ದನೆಯ ನೇರ ದಾರಿಗಳಿರಲಿ, ನೆಲ ಡಾಂಬರಾಗಲಿ, ಕಾಂಕ್ರೀಟಾಗಲಿ, ಅದು ಬದಲಾಗುವುದಿಲ್ಲ. ಬಿಗಿಯಾದ ಸ್ಲಾಲಮ್‌ಗಳೇ ತುಂಬಿರುವ ಕೋರ್ಸ್ ಸಣ್ಣ ಹಗುರ ಕಾರುಗಳಿಗೆ ಅನುಕೂಲ, ದೂರದ ನೇರ ದಾರಿ ಇದ್ದರೆ ಶಕ್ತಿಶಾಲಿ ಎಂಜಿನ್‌ಗೆ ಅನುಕೂಲ. ಮಳೆ ಬಂದರಂತೂ ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಕಾರುಗಳು ಪಟ್ಟಿಯ ಮೇಲೆ ಏರುತ್ತವೆ. ಇನ್ನೊಂದು ಮುಖ್ಯ ಸಂಗತಿಯೆಂದರೆ, ಕ್ಲಾಸಿನ ನಿಯಮ ಅನುಮತಿಸುವ ಎಲ್ಲ ಬದಲಾವಣೆಗಳನ್ನೂ ಮಾಡಿ, ಆ ಕ್ಲಾಸಿಗೆ ಹೇಳಿ ಮಾಡಿಸಿದಂತಹ ಕಾರನ್ನು ನುರಿತ ಚಾಲಕರು ಓಡಿಸಿದಾಗ ಬರುವ ಫಲಿತಾಂಶಗಳಿಂದ ಆ ಗುಣಕ ಹುಟ್ಟಿರುತ್ತದೆ. ನಿಮ್ಮ ಕಾರಿಗೆ ಅಗಲವಾದ ವೀಲ್ ಹಾಕಿಸಿದ್ದರಿಂದ ಅದು ಸ್ಟ್ರೀಟ್ ವಿಭಾಗದಿಂದ ಮೇಲಿನ ವಿಭಾಗಕ್ಕೆ ಹೋಗಿದ್ದು, ಆ ವಿಭಾಗದ ಉಳಿದ ಯಾವ ಬದಲಾವಣೆಯನ್ನೂ ನೀವು ಮಾಡಿಲ್ಲದಿದ್ದರೆ, ಗುಣಕ ಮಾತ್ರ ಏರಿ ಕಾರಿನ ವೇಗ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಇಂಥ ಕಾರಿನಲ್ಲಿ ಸೂಚ್ಯಂಕದ ಪಟ್ಟಿಯ ಕೆಳಗಿರುವುದು ಚಾಲಕನ ದೋಷವಲ್ಲ. ಹಾಗಾಗಿ ನಿಮಗಿಂತ ಸೆಕೆಂಡಿನ ಹತ್ತನೆಯ ಒಂದೆರಡು ಭಾಗದಷ್ಟು ಮುಂದಿರುವವರು ನಿಮಗಿಂತ ಉತ್ತಮ ಚಾಲಕರೆಂದು ಒಂದೇ ದಿನದ ಸೂಚ್ಯಂಕದಿಂದ ನಿರ್ಧರಿಸುವುದು ಸರಿಯಲ್ಲ. ಅಂತರ ಎರಡು ಸೆಕೆಂಡಿನಷ್ಟಿದ್ದರೆ ಮಾತ್ರ ಕೋರ್ಸ್, ಹವೆ ಎಂಬ ಕಾರಣಗಳ ಹಿಂದೆ ಅಡಗಿಕೊಳ್ಳಲಾಗದು.

ಅದೇ ದಿನದ ಪಟ್ಟಿಯಲ್ಲೂ ಎಲ್ಲರೂ ಒಂದೇ ನೆಲದ ಮೇಲೆ ಓಡಿರುವುದಿಲ್ಲ. ಸ್ಪರ್ಧಿಗಳನ್ನು ಹೀಟ್‌ಗಳಾಗಿ ವಿಂಗಡಿಸುತ್ತಾರೆ. ಒಂದು ಹೀಟ್‌ನವರು ಓಡುವಾಗ ಇನ್ನೊಂದು ಹೀಟ್‌ನವರು ಬಿಸಿಲಿನಲ್ಲಿ ನಿಂತು ಬಿದ್ದ ಕೋನ್‌ಗಳನ್ನು ಎತ್ತಿಡುತ್ತಾರೆ, ಕೆಂಪು ಬಾವುಟ ಹಿಡಿದು ಕಾಯುತ್ತಾರೆ. ಬೆಳಿಗ್ಗೆಯ ಮೊದಲ ಹೀಟ್‌ನವರಿಗೆ ನೆಲ ತಣ್ಣಗಿರುತ್ತದೆ, ಧೂಳು ಮತ್ತು ಸಣ್ಣ ಕಲ್ಲು ಇನ್ನೂ ದಾರಿಯ ಮೇಲಿರುತ್ತವೆ. ಕಾರುಗಳು ಓಡಿದಂತೆಲ್ಲ ದಾರಿ ಸ್ವಚ್ಛವಾಗಿ ಹಿಡಿತ ಹೆಚ್ಚುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೆಲವು ಟೈರ್‌ಗಳು ಅತಿಯಾಗಿ ಕಾದು ಜಾರತೊಡಗುತ್ತವೆ. ಇದನ್ನು ಪರೀಕ್ಷಿಸಲು ಒಂದು ಸರಳ ದಾರಿಯಿದೆ. ಸೂಚ್ಯಂಕದ ಮೊದಲ ಹತ್ತು ಸ್ಥಾನಗಳಲ್ಲಿರುವವರು ಯಾವ ಯಾವ ಹೀಟ್‌ನವರು ಎಂದು ಗುರುತು ಹಾಕಿ. ಎಂದಿನಂತೆ ಎರಡೂ ಕಡೆ ಹಂಚಿಹೋಗಿದ್ದರೆ ಚಿಂತೆಯಿಲ್ಲ. ಹತ್ತರಲ್ಲಿ ಎಂಟು ಮಂದಿ ಒಂದೇ ಹೀಟ್‌ನವರಾಗಿದ್ದು, ಹಿಂದಿನ ಸ್ಪರ್ಧೆಗಳಲ್ಲಿ ಮೇಲೆ ಇರುತ್ತಿದ್ದ ಇನ್ನೊಂದು ಹೀಟ್‌ನ ಚಾಲಕರು ಒಟ್ಟಾಗಿ ಕೆಳಗಿಳಿದಿದ್ದರೆ ಅದು ನೆಲದ ಅಥವಾ ಹವೆಯ ಕೆಲಸ. ಅಂದಿನ ಮಟ್ಟಿಗೆ ನಿಮ್ಮ ಹೋಲಿಕೆಯನ್ನು ನಿಮ್ಮ ಹೀಟ್‌ನೊಳಗೇ ಇಟ್ಟುಕೊಳ್ಳಿ.

ಒಂದು ಸ್ಪರ್ಧೆಯಿಂದ ಇನ್ನೊಂದಕ್ಕೆ ಹೋಲಿಸುವಾಗ ಸೆಕೆಂಡ್‌ಗಳ ಅಂತರ ದಾರಿ ತಪ್ಪಿಸುತ್ತದೆ, ಏಕೆಂದರೆ ಪ್ರತಿ ಸಲವೂ ಕೋರ್ಸ್ ಹೊಸದು, ಉದ್ದವೂ ಬೇರೆ. ಏಪ್ರಿಲ್‌ನ ಚಿಕ್ಕ ಕೋರ್ಸಿನಲ್ಲಿ ನಿಮ್ಮ ಕ್ಲಾಸಿನ ವಿಜೇತರು 32.100, ನೀವು 33.384 ಎಂದುಕೊಳ್ಳಿ. ಜೂನ್‌ನ ಉದ್ದನೆಯ ಕೋರ್ಸಿನಲ್ಲಿ ಅವರು 61.400, ನೀವು 63.242. ಸೆಕೆಂಡ್ ಲೆಕ್ಕದಲ್ಲಿ ಅಂತರ 1.284ರಿಂದ 1.842ಕ್ಕೆ ಹೆಚ್ಚಿ ನೀವು ಹಿಂದೆ ಬಿದ್ದಂತೆ ಕಾಣುತ್ತದೆ. ಶೇಕಡಾವಾರು ನೋಡಿದರೆ ಅಂತರ ವಿಜೇತರ ಸಮಯದ ಶೇ. 4ರಿಂದ ಶೇ. 3ಕ್ಕೆ ಇಳಿದಿದೆ, ಅದು ಎರಡು ತಿಂಗಳ ಒಳ್ಳೆಯ ಪ್ರಗತಿ. ಹಲವು ಕ್ಲಬ್‌ಗಳು ವರ್ಷದ ಅಂಕಗಳನ್ನು ವಿಜೇತರ ಸಮಯವನ್ನು ನಿಮ್ಮ ಸಮಯದಿಂದ ಭಾಗಿಸಿ ಕೊಡುವುದೂ ಇದೇ ಕಾರಣಕ್ಕೆ.

ಈ ಲೆಕ್ಕಕ್ಕೂ ಒಂದು ದೌರ್ಬಲ್ಯವಿದೆ. ಏಪ್ರಿಲ್‌ನಲ್ಲಿ ಗೆದ್ದವರು ಜೂನ್‌ನಲ್ಲಿ ಬರದೇ ಇದ್ದರೆ ನಿಮ್ಮ ಶೇಕಡಾವಾರು ತಾನಾಗಿಯೇ ಸುಧಾರಿಸಿಬಿಡುತ್ತದೆ. ಆದ್ದರಿಂದ ಒಬ್ಬರನ್ನೇ ಅಳತೆಗೋಲು ಮಾಡಿಕೊಳ್ಳುವ ಬದಲು, ಕ್ಲಬ್‌ನಲ್ಲಿ ತಪ್ಪದೆ ಬರುವ, ವರ್ಷಗಳಿಂದ ಒಂದೇ ಕಾರು ಓಡಿಸುತ್ತಿರುವ, ಫಲಿತಾಂಶದಲ್ಲಿ ಹೆಚ್ಚು ಏರುಪೇರಿಲ್ಲದ ಐದು ಚಾಲಕರನ್ನು ಆರಿಸಿಕೊಳ್ಳಿ. ಅವರೆಲ್ಲ ನಿಮಗಿಂತ ವೇಗದವರೇ ಆಗಿರಬೇಕೆಂದಿಲ್ಲ, ಸ್ಥಿರವಾಗಿ ಓಡಿಸುವವರಾಗಿದ್ದರೆ ಸಾಕು. ಪ್ರತಿ ಸ್ಪರ್ಧೆಯಲ್ಲೂ ಆ ಐವರ ಸೂಚ್ಯಂಕದ ಸಮಯಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ತೆಗೆದುಕೊಂಡು ನಿಮ್ಮ ಸಮಯವನ್ನು ಅದಕ್ಕೆ ಹೋಲಿಸಿ. ಸರಾಸರಿಗಿಂತ ನಡುವಿನ ಸಂಖ್ಯೆಯೇ ಮೇಲು. ಐವರಲ್ಲಿ ಒಬ್ಬರು ಅಂದು ಎಲ್ಲ ರನ್‌ಗಳಲ್ಲೂ ಕೋನ್ ಬೀಳಿಸಿದರೆ ಸರಾಸರಿ ಕೆಡುತ್ತದೆ, ನಡುವಿನ ಸಂಖ್ಯೆ ಅಷ್ಟಾಗಿ ಅಲುಗುವುದಿಲ್ಲ. ನನಗೆ ತಿಳಿದ ಮಟ್ಟಿಗೆ ಹವ್ಯಾಸಿ ಚಾಲಕನೊಬ್ಬ ಇಡಬಹುದಾದ ಲೆಕ್ಕಗಳಲ್ಲಿ ಅತಿ ಹೆಚ್ಚು ನಂಬಬಹುದಾದದ್ದು ಇದು.

ಇವೆಲ್ಲಕ್ಕಿಂತಲೂ ನೇರವಾದ ಹೋಲಿಕೆ ಒಂದೇ ಕಾರನ್ನು ಇಬ್ಬರು ಓಡಿಸಿದಾಗ ಸಿಗುತ್ತದೆ. ಆಟೋಕ್ರಾಸ್‌ನಲ್ಲಿ ಕಾರು ಹಂಚಿಕೊಳ್ಳುವುದು ಸಾಮಾನ್ಯ. ಕಾರು, ಟೈರ್, ಗುಣಕ, ಹೀಟ್ ಎಲ್ಲವೂ ಒಂದೇ ಆಗಿರುವುದರಿಂದ ಉಳಿಯುವ ಅಂತರ ಬಹುಪಾಲು ಕೈಚಳಕದ್ದೇ. ಆದರೂ ಯಾರು ಮೊದಲು ಓಡುತ್ತಾರೆ ಎಂಬುದನ್ನು ಗಮನಿಸಬೇಕು. ತಂಪಾದ ದಿನ ಮೊದಲು ಹೋದವರಿಗೆ ಟೈರ್ ತಣ್ಣಗಿದ್ದು ಹಿಡಿತ ಕಡಿಮೆ; ಬಿಸಿಲಿನ ದಿನ ಎರಡನೆಯವರಿಗೆ ಟೈರ್ ಆಗಲೇ ಕಾದಿರುತ್ತದೆ. ಗ್ರಿಡ್‌ನಲ್ಲಿ ಚಾಲಕರು ಬದಲಾಗುವಷ್ಟರಲ್ಲಿ ಒಬ್ಬರು ಗಿಡಗಳಿಗೆ ಔಷಧಿ ಹೊಡೆಯುವ ಕೈಪಂಪಿನಲ್ಲಿ ನೀರು ತುಂಬಿಕೊಂಡು ನಾಲ್ಕೂ ಟೈರ್‌ಗಳಿಗೆ ಸಿಂಪಡಿಸುತ್ತಿರುವುದು ಇದೇ ಕಾರಣಕ್ಕೆ. ಒಂದು ಸ್ಪರ್ಧೆಯಲ್ಲಿ ನೀವು ಮೊದಲು ಹೋದರೆ ಮುಂದಿನದರಲ್ಲಿ ಅವರು ಮೊದಲು ಹೋಗಲಿ. ಕಾರು ಹಂಚಿಕೊಳ್ಳಲು ಯಾರೂ ಸಿಗದಿದ್ದರೆ, ದಿನದ ಕೊನೆಯಲ್ಲಿ ಫಲಿತಾಂಶಕ್ಕೆ ಸೇರದ ಫನ್ ರನ್ ಇಡುವ ಕ್ಲಬ್‌ಗಳಲ್ಲಿ ಅನುಭವಿಯೊಬ್ಬರಿಗೆ ನಿಮ್ಮ ಕಾರನ್ನು ಒಮ್ಮೆ ಓಡಿಸಿ ಎಂದು ಕೇಳಿ. ಕಾರಿನ ಪರಿಚಯವೇ ಇಲ್ಲದ ಅವರು ಮೊದಲ ರನ್‌ನಲ್ಲೇ ನಿಮಗಿಂತ ಒಂದೂವರೆ ಸೆಕೆಂಡ್ ಬೇಗ ಬಂದರೆ, ಹೊಸ ಶಾಕ್ ಅಬ್ಸಾರ್ಬರ್‌ಗೆ ಎತ್ತಿಟ್ಟ ಹಣವನ್ನು ತರಬೇತಿ ಶಾಲೆಗೆ ಕಟ್ಟುವುದು ಒಳ್ಳೆಯದು.

ಅಂತರ ಎಷ್ಟು ಎಂದು ಪಟ್ಟಿ ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಅದಕ್ಕೆ ವಿಡಿಯೋ ಬೇಕು. ಕಾರಿನೊಳಗೆ ಭದ್ರವಾಗಿ ಕೂರಿಸಿದ ಒಂದು ಕ್ಯಾಮೆರಾ ಸಾಕು. ನಿಮ್ಮದೂ ನಿಮಗಿಂತ ವೇಗವಾಗಿ ಓಡಿದವರದೂ ಇಟ್ಟುಕೊಂಡು, ಆರಂಭದ ಟೈಮಿಂಗ್ ಲೈಟ್ ದಾಟುವ ಕ್ಷಣದಿಂದ ಎರಡನ್ನೂ ಹೊಂದಿಸಿ, ಸ್ಲಾಲಮ್‌ನ ಮೊದಲ ಕೋನ್, ಕೊನೆಯ ಕೋನ್, ದೊಡ್ಡ ತಿರುವಿನ ಆರಂಭ ಮತ್ತು ಅಂತ್ಯ ಹೀಗೆ ಐದಾರು ಗುರುತುಗಳನ್ನು ದಾಟುವ ಸಮಯವನ್ನು ಬರೆಯಿರಿ. ಸ್ಲಾಲಮ್‌ನ ಕೊನೆಯ ಕೋನ್‌ವರೆಗೆ ಇಬ್ಬರೂ ಸಮವಾಗಿದ್ದು ಅದರ ಮುಂದಿನ ನೇರ ದಾರಿಯಲ್ಲಿ ನೀವು ಕಾಲು ಸೆಕೆಂಡ್ ಕಳೆದುಕೊಂಡಿದ್ದರೆ, ತಪ್ಪು ನೇರ ದಾರಿಯಲ್ಲಿ ಆಗಿದ್ದಲ್ಲ. ಸ್ಲಾಲಮ್‌ನಿಂದ ಹೊರಬರುವಾಗ ಸ್ಟಿಯರಿಂಗ್ ಇನ್ನೂ ತಿರುಗಿಯೇ ಇದ್ದು ಆಕ್ಸಿಲರೇಟರ್ ಒತ್ತಲು ತಡವಾಗಿರುತ್ತದೆ. ಮೊಬೈಲ್‌ನ ಜಿಪಿಎಸ್ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲ ಸ್ಥಾನ ಗುರುತಿಸುತ್ತದೆ. 60 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಕಾರು ಹದಿನಾರು ಮೀಟರ್‌ಗೂ ಹೆಚ್ಚು ಮುಂದೆ ಹೋಗಿರುತ್ತದಾದ್ದರಿಂದ ಇಷ್ಟು ಸೂಕ್ಷ್ಮವಾದ ಕೆಲಸಕ್ಕೆ ಅದು ಸಾಲದು. ಸೆಕೆಂಡಿಗೆ 10 ಸಲ ಅಥವಾ ಇನ್ನೂ ಹೆಚ್ಚು ಸಲ ಅಳೆಯುವ ಪ್ರತ್ಯೇಕ ರಿಸೀವರ್ ಬೇಕಾಗುತ್ತದೆ.

2009ರಿಂದ ನೆಬ್ರಾಸ್ಕದ ಲಿಂಕನ್‌ನಲ್ಲಿ ನಡೆಯುತ್ತಿರುವ ಸೋಲೋ ರಾಷ್ಟ್ರೀಯ ಸ್ಪರ್ಧೆಯ ಪಟ್ಟಿಯನ್ನು ಓದುವಾಗ ಒಂದು ವ್ಯತ್ಯಾಸ ನೆನಪಿರಲಿ. ಅಲ್ಲಿ ಎರಡು ದಿನ, ಎರಡು ಬೇರೆ ಕೋರ್ಸ್, ಒಂದೊಂದರಲ್ಲಿ ಮೂರು ರನ್. ಎರಡೂ ಕೋರ್ಸ್‌ಗಳ ಉತ್ತಮ ಸಮಯಗಳನ್ನು ಕೂಡಿ ಸ್ಥಾನ ನಿರ್ಧರಿಸುತ್ತಾರೆ. ಅಲ್ಲಿನ ಒಟ್ಟು ಅಂತರವನ್ನು ನಿಮ್ಮ ಕ್ಲಬ್‌ನ ಒಂದು ದಿನದ ಅಂತರದ ಪಕ್ಕದಲ್ಲಿಟ್ಟು ನೋಡಿದರೆ ಅರ್ಥವಾಗದು, ಶೇಕಡಾವಾರಿಗೆ ಬದಲಿಸಿಯೇ ನೋಡಬೇಕು.

ಇಷ್ಟನ್ನು ಬರೆದಿಡಲು ಒಂದು ಸ್ಪ್ರೆಡ್‌ಶೀಟ್ ಸಾಕು. ದಿನಾಂಕ, ಜಾಗ, ನೆಲ, ಹವೆ, ಹೀಟ್, ಟೈರ್ ಮತ್ತು ಅದರ ಗಾಳಿ, ಪ್ರತಿ ರನ್‌ನ ಸಮಯ ಮತ್ತು ಕೋನ್, ಅಂದಿನ ಗುಣಕ, ಐವರ ನಡುವಿನ ಸಮಯ, ಅದಕ್ಕೂ ನಿಮಗೂ ಇರುವ ಶೇಕಡಾವಾರು ಅಂತರ. ಗುಣಕಗಳು ವರ್ಷವರ್ಷ ಬದಲಾಗುತ್ತವೆ, ಕಾರುಗಳೂ ಆಗಾಗ ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಹೋಗುತ್ತವೆ. ಹೊಸ ವರ್ಷದ ಗುಣಕ ಬಂದಾಗ ಹಳೆಯ ಸಾಲುಗಳನ್ನು ತಿದ್ದಬೇಡಿ. ಆ ದಿನ ನೀವೂ ಆ ಐವರೂ ಓಡಿದ್ದು ಆ ವರ್ಷದ ಕ್ಲಾಸ್ ಮತ್ತು ಗುಣಕದ ಕೆಳಗೆ, ಅಂತರವೂ ಆಗಿನದೇ. ಗುಣಕ ಬದಲಾದದ್ದರಿಂದ ಎಷ್ಟು ಏರಿಳಿತವಾಯಿತು, ನಿಮ್ಮ ಚಾಲನೆಯಿಂದ ಎಷ್ಟಾಯಿತು ಎಂದು ಬೇರ್ಪಡಿಸಿ ನೋಡಬೇಕೆನಿಸಿದರೆ ಹೊಸ ಗುಣಕದ ಲೆಕ್ಕವನ್ನು ಪಕ್ಕದಲ್ಲಿ ಇನ್ನೊಂದು ಕಾಲಮ್ ಮಾಡಿ ಬರೆದುಕೊಳ್ಳಿ.